ಕೆಂಪು ಬೇವಿನ ಕೊನೆಯ ಹದಿಮೂರು ಸೆಕೆಂಡು

ಕಾರಿಗನೂರಿನ ಯಶೋಧರಾ ಎಂಬ ಹುಡುಗಿಯ ಕುರಿತು ಹೊಸಪೇಟೆಯಲ್ಲಿ ಹಬ್ಬಿರುವ ಮಾತು ಒಂದೇ: ಕೈಗೆ ಬಂದಿದ್ದ ಹೈದರಾಬಾದಿನ ಅವಕಾಶವನ್ನು ಹಟಕ್ಕೆ ಬಿದ್ದು ಕಳೆದುಕೊಂಡಳು ಎಂಬುದು. ಈ ಮಾತನ್ನಾಡುವವರಲ್ಲಿ ಒಬ್ಬರೂ 2007ರ ಜೂನ್ 5ರ ಮಂಗಳವಾರ ಆ ಕಲ್ಯಾಣಮಂಟಪದಲ್ಲಿ ಇರಲಿಲ್ಲ. ಜೂನ್ 10ರ ಭಾನುವಾರ ಅವಳ ಮನೆಯ ಅಂಗಳದಲ್ಲಂತೂ ಇರಲೇ ಇಲ್ಲ. ನಾನು ಎರಡೂ ಕಡೆ ಇದ್ದೆ. ಆದ್ದರಿಂದ ಬರೆಯುತ್ತಿದ್ದೇನೆ.

ಶಾಲೆಯ ದಾಖಲೆಯ ಪ್ರಕಾರ ಯಶೋಧರಾ ಹುಟ್ಟಿದ್ದು 1988ರ ಜೂನ್ 1ರಂದು. ಇದು ಸುಳ್ಳು. ಮಗುವನ್ನು ಒಂದನೇ ತರಗತಿಗೆ ಸೇರಿಸಲು ಬಂದ ಕೂಲಿಕಾರರ ಬಳಿ ಕುಳಿತು ವಿಚಾರಿಸುವ ತಾಳ್ಮೆಯಿಲ್ಲದ ಮಾಸ್ತರರು ಅಂಥವರ ಮಕ್ಕಳಿಗೆಲ್ಲ ಜೂನ್ ಒಂದನ್ನೇ ಬರೆದು ಕೈತೊಳೆದುಕೊಂಡರು. ಅವಳ ತರಗತಿಯ ನಲವತ್ತಮೂರು ಮಕ್ಕಳಲ್ಲಿ ಇಪ್ಪತ್ತಾರು ಮಕ್ಕಳು ಹೀಗೆ ಒಂದೇ ದಿನ ಹುಟ್ಟಿದವರು. ತಾಯಿ ಹಂಪಕ್ಕನವರನ್ನು ಕೇಳಿದರೆ, "ಕಾಲುವಿಗೆ ನೀರು ಬಿಟ್ಟ ಮೂರನೇ ದಿನರೀ ಮಾಸ್ತರ್ರ, ನಸಿಕ್ಲೆ ಹುಟ್ಯಾಳ" ಎನ್ನುತ್ತಾರೆ. ಆ ಉತ್ತರ ಶಾಲೆಯ ಪುಸ್ತಕಕ್ಕಿಂತ ನಿಖರವಾದದ್ದು. ಹೆಸರಿಟ್ಟವರು ಬೌದ್ಧ ಧರ್ಮ ಸ್ವೀಕರಿಸಿದ್ದ ಅವಳ ಸೋದರಮಾವ. ತಂದೆ ಹುಸೇನಪ್ಪನವರದು ಅದಿರು ರಾಶಿ ಹಾಕಿ ಲಾರಿ ತುಂಬುವ ಪ್ಲಾಟಿನಲ್ಲಿ ಕೆಲಸ: ತುಂಬಿದ ಲಾರಿಯ ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವುದು. ಚೀನಾಕ್ಕೆ ಅದಿರು ಹೊರಟ ಆ ವರ್ಷಗಳಲ್ಲಿ ಅವರಿಗೆ ಬಿಡುವೆಂಬುದೇ ಇರಲಿಲ್ಲ. ರಸ್ತೆಯ ಅಂಚಿನಲ್ಲೇ ಮನೆ; ಮನೆಯ ಮುಂದೆ ಒಂದು ಬೇವಿನ ಮರ.

ನಾನು ಹೊಸಪೇಟೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿದವನು. 2004ರ ಫೆಬ್ರುವರಿ 20ರ ಶುಕ್ರವಾರ ಹತ್ತನೇ ತರಗತಿಗೆ 'ನನ್ನ ಮನೆಯ ಮುಂದಿನ ಮರ' ಎಂಬ ವಿಷಯ ಕೊಟ್ಟಿದ್ದೆ. ಯಶೋಧರಾ ಬೇವಿನ ಮರ ಬರೆದು ಎಲೆಗಳಿಗೆಲ್ಲ ಕಾವಿಯ ಬಣ್ಣ ಬಳಿದಳು. ಹತ್ತಕ್ಕೆ ಮೂರು ಅಂಕ ಕೊಟ್ಟೆ. ಸೋಮವಾರ ಅವಳು ನೋಟುಪುಸ್ತಕದ ನಡುವೆ ಒಂದು ರೆಂಬೆಯನ್ನಿಟ್ಟು ತಂದು ನನ್ನ ಮೇಜಿನ ಮೇಲೆ ಬಿಚ್ಚಿದಳು. ಎಲೆಗಳು ಇಟ್ಟಿಗೆಯ ಪುಡಿಯಲ್ಲಿ ಅದ್ದಿ ತೆಗೆದಂತಿದ್ದವು.

"ಬುಕ್ಕಸಾಗರದಾಗ ನಮ್ಮಜ್ಜಿ ಮನಿ ಮುಂದಿನ ಬೇವು ಹಸರೈತ್ರಿ ಸರ್" ಎಂದಳು. "ನೀವು ನಮ್ಮನಿ ಮುಂದಿಂದು ಬರಿ ಅಂದಿದ್ರಿ."

ಅಂಕ ತಿದ್ದಿದೆ. ಅದಿರಿನ ಲಾರಿಗಳ ಧೂಳಿನಿಂದ ಒಂದು ರಸ್ತೆಯ ಮಕ್ಕಳಿಗೆ ಎಲೆಯ ಬಣ್ಣವೇ ಬೇರೆಯಾಗಿ ಹೋಗಿದ್ದರೂ ಆರು ಕಿಲೋಮೀಟರ್ ದೂರದಲ್ಲಿ ಪಾಠ ಮಾಡುತ್ತಿದ್ದ ನನಗೆ ಅದು ತಿಳಿದಿರಲಿಲ್ಲ. ನಾಚಿಕೆಗೇಡಿನ ಸಂಗತಿ, ಮುಚ್ಚಿಡುವುದಿಲ್ಲ.

ಪಿ.ಯು.ಸಿ. ಮುಗಿಸಿದ ಮೇಲೆ, 2006ರ ಆಗಸ್ಟ್ 8ರಂದು, ಅವಳು ಸ್ಟೇಷನ್ ರಸ್ತೆಯ ಅನಿಮೇಷನ್ ಕೇಂದ್ರಕ್ಕೆ ಸೇರಿದಳು. ಅದು ಟೈರ್ ಅಂಗಡಿಯೊಂದರ ಮಹಡಿಯ ಮೇಲಿತ್ತು. ನಡೆಸುತ್ತಿದ್ದವರೂ ಕಲಿಸುತ್ತಿದ್ದವರೂ ಶಂಭುಲಿಂಗ ಎಂಬ ಒಬ್ಬರೇ. ನಾಲ್ಕು ಕಂಪ್ಯೂಟರುಗಳಿದ್ದವು, ಕೆಲಸ ಮಾಡುತ್ತಿದ್ದವು ಎರಡು. ಕೆಂಪು ಧೂಳು ಒಳಗಿನ ಫ್ಯಾನುಗಳಲ್ಲಿ ಕುಳಿತು ಅವು ಆಗಾಗ ನಿಂತುಹೋಗುತ್ತಿದ್ದುದರಿಂದ, ಕೆಳಗಿನ ಅಂಗಡಿಯಿಂದ ಗಾಳಿಯ ಪೈಪನ್ನು ಮೇಲೆಳೆದು ಊದಿಸಬೇಕಾಗುತ್ತಿತ್ತು.

ಮೊದಲ ಅಭ್ಯಾಸ ಪುಟಿಯುವ ಚೆಂಡು. ಒಂದು ಸೆಕೆಂಡಿನ ಚಲನೆಗೆ ಹನ್ನೆರಡು ಚಿತ್ರ. ಪ್ರತಿಯೊಂದನ್ನೂ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಬಣ್ಣ ತುಂಬಿ, ಸ್ಕ್ಯಾನರಿನ ಗಾಜಿನ ಮೇಲಿಟ್ಟು, ಕಂಪ್ಯೂಟರಿಗೆ ಏರಿಸಬೇಕು. ಯಶೋಧರಾಳ ಚೆಂಡನ್ನು ನೋಡಿ ಶಂಭುಲಿಂಗ, "ತೂಕ ಇಲ್ಲವ್ವ ಇದಕ, ಹಪ್ಪಳ ಹಾರಿದಂಗ ಆಗೇತಿ" ಎಂದರು. ಸರಿಯಾದ ಮಾತು. ಆ ಒಂದು ಮಾತಿಗೆ ಅವರಿಗೆ ಕೃತಜ್ಞತೆ ಸಲ್ಲಬೇಕು. ಅದಕ್ಕಿಂತ ಹೆಚ್ಚಿನದೇನೂ ಸಲ್ಲಬೇಕಾಗಿಲ್ಲ.

ತೂಕವೆಂದರೇನು ಎಂಬುದನ್ನು ಅವಳು ಕಲಿತದ್ದು ಪ್ಲಾಟಿನಲ್ಲಿ, ತಂದೆ ತಾಡಪತ್ರಿ ಎಸೆಯುವುದನ್ನು ನೋಡುತ್ತಾ. ಭಾರದ ಬಟ್ಟೆ ಮೇಲೇರುವಾಗ ಮೊದಲು ಹೊಟ್ಟೆ ಉಬ್ಬಿಸುತ್ತದೆ, ಅರೆಗಳಿಗೆ ಗಾಳಿಯಲ್ಲಿ ಅನುಮಾನಿಸುತ್ತದೆ, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ಆ ಅನುಮಾನವೇ ತೂಕ. 2006ರ ನವೆಂಬರ್ 19ರಂದು ಅವಳು ಮುಗಿಸಿದ ಹದಿನಾಲ್ಕು ಸೆಕೆಂಡಿನ ಚಿತ್ರದಲ್ಲಿ ಒಬ್ಬ ಮನುಷ್ಯ ಲಾರಿಯ ಮೇಲೆ ತಾಡಪತ್ರಿ ಎಸೆಯುತ್ತಾನೆ, ಅಷ್ಟೇ. ನನಗೆ ತೋರಿಸಲು ನಮ್ಮ ಮನೆಗೆ ಸಿ.ಡಿ. ತಂದಿದ್ದಳು. ಆ ಬಟ್ಟೆ ಬಿದ್ದಾಗ ನನ್ನ ಹೆಗಲು ತಗ್ಗಿತು.

ಮನೆಯಲ್ಲಿ ಅವಳ ಬರೆಯುವ ಮೇಜು ಎಂದರೆ ಎರಡು ಇಟ್ಟಿಗೆ, ಅವುಗಳ ಮೇಲೆ ಹಳೆಯ ಕಿಟಕಿಯ ಗಾಜು, ಗಾಜಿನ ಕೆಳಗೆ ಒಂದು ಟ್ಯೂಬ್‌ಲೈಟ್. ಬೆಳಕಿನಲ್ಲಿ ಕೆಳಗಿನ ಹಾಳೆಯ ಗೆರೆ ಮೇಲಿನ ಹಾಳೆಗೆ ಕಾಣಿಸಬೇಕು, ಹಾಳೆಗಳು ಕೂದಲೆಳೆಯಷ್ಟೂ ಸರಿಯಬಾರದು. ಅದಕ್ಕಾಗಿ ಸೈಕಲ್ ಚಕ್ರದ ಎರಡು ಕಡ್ಡಿಗಳನ್ನು ಕತ್ತರಿಸಿ ಮೊಳೆಯಂತೆ ನಿಲ್ಲಿಸಿ, ರಂಧ್ರ ಮಾಡಿದ ಹಾಳೆಗಳನ್ನು ಅವಕ್ಕೆ ಸಿಕ್ಕಿಸುತ್ತಿದ್ದಳು.

ಸ್ಕ್ಯಾನರಿನ ಗಾಜಿನ ಮೇಲೆ ಧೂಳು ಕುಳಿತರೆ ಚಿತ್ರದ ಮೇಲೆಲ್ಲ ಕೆಂಪು ಚುಕ್ಕೆಗಳು ಬೀಳುತ್ತವೆ. ಉಳಿದ ವಿದ್ಯಾರ್ಥಿಗಳು ಅವನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸುತ್ತಿದ್ದರು. ಯಶೋಧರಾ ಗಾಜನ್ನು ಎಷ್ಟು ಒರೆಸಿದರೂ ಚುಕ್ಕೆಗಳು ಹೋಗಲಿಲ್ಲ, ಏಕೆಂದರೆ ಕಾರಿಗನೂರಿನ ಧೂಳು ಹಾಳೆಯೊಂದಿಗೇ ಬರುತ್ತಿತ್ತು. ಒಂದು ದಿನ ಬೇಸತ್ತು ಅಳಿಸದೆ ಹಾಗೆಯೇ ಓಡಿಸಿದಳು. ಪ್ರತಿ ಹಾಳೆಯಲ್ಲಿ ಚುಕ್ಕೆಗಳು ಬೇರೆ ಬೇರೆ ಜಾಗದಲ್ಲಿದ್ದುದರಿಂದ, ವೇಗವಾಗಿ ಓಡಿಸಿದಾಗ ಅವು ಗಾಳಿಯಲ್ಲಿ ನಡುಗುವ ಧೂಳಾದವು. ಬರೆದು ತೋರಿಸಲಾಗದ ಧೂಳು ತಾನಾಗಿ ಬಂದು ಚಿತ್ರದೊಳಗೆ ನಿಂತಿತ್ತು. ಅದನ್ನು ಗುರುತಿಸುವ ಕಣ್ಣು ಹದಿನೆಂಟರ ಹುಡುಗಿಗಿತ್ತು.

ಮೂರನೆಯ ಚಿತ್ರವನ್ನು ಅವಳು 2007ರ ಜನವರಿ 2ರಂದು ಆರಂಭಿಸಿ ಏಪ್ರಿಲ್ 30ರಂದು ಮುಗಿಸಿದಳು: ನೂರ ಹತ್ತೊಂಬತ್ತು ದಿನ, ಐನೂರ ನಾಲ್ಕು ಹಾಳೆ, ನಲವತ್ತೆರಡು ಸೆಕೆಂಡು. ಮನೆಯ ಮುಂದಿನ ಬೇವು ಮೊದಲು ಹಸಿರಾಗಿರುತ್ತದೆ ಎಂಬ ಸುಳ್ಳನ್ನು ಅದು ಹೇಳುವುದಿಲ್ಲ, ಕೆಂಪಾಗಿಯೇ ಶುರುವಾಗುತ್ತದೆ. ಲಾರಿಗಳ ನೆರಳುಗಳು ಹಾಯುತ್ತವೆ, ಎಲೆಗಳು ಭಾರವಾಗಿ ಬಾಗುತ್ತವೆ. ಆಮೇಲೆ ಮಳೆ. ಇಪ್ಪತ್ತೊಂಬತ್ತನೆಯ ಸೆಕೆಂಡಿಗೆ ಮರ ಹಸಿರು. ಒಂದು ಎಲೆ ತೂಗಲು ತೊಡಗುತ್ತದೆ. ಉಳಿದ ಹದಿಮೂರು ಸೆಕೆಂಡಿನಲ್ಲಿ ಲಾರಿಗಳು ಮರಳುತ್ತವೆ, ಒಬ್ಬ ಹೆಂಗಸು ಅಂಗಳ ಗುಡಿಸುತ್ತಾಳೆ, ಮತ್ತೆ ಗುಡಿಸುತ್ತಾಳೆ, ಮೂರನೆಯ ಸಲ ಗುಡಿಸುವ ಹೊತ್ತಿಗೆ ಮರ ಕೆಂಪಾಗಿದೆ.

ಸಂಡೂರು ಕಡೆಯ ಒಂದು ಗಣಿ ಕಂಪನಿ ಪರಿಸರ ದಿನಾಚರಣೆಗೆ ವಿದ್ಯಾರ್ಥಿಗಳ ಚಿತ್ರಗಳನ್ನು ಆಹ್ವಾನಿಸಿತ್ತು. ಆಯ್ಕೆಯಾದ ಒಬ್ಬರಿಗೆ ಹೈದರಾಬಾದಿನ ಸ್ಟುಡಿಯೋ ಒಂದರಲ್ಲಿ ಎರಡು ವರ್ಷದ ತರಬೇತಿ, ಊಟ ವಸತಿ ಎಲ್ಲವೂ ಕಂಪನಿಯದು. ಯಶೋಧರಾಳಿಗೆ ಅದು ಬೇಕಾಗಿತ್ತು. ಮುಚ್ಚುಮರೆಯಿಲ್ಲದೆ, ಹಸಿದವರಿಗೆ ಅನ್ನ ಬೇಕಾದಂತೆ ಬೇಕಾಗಿತ್ತು. ಮೇ 14ರಂದು ಅವಳ ಚಿತ್ರವನ್ನು ಪಡೆದುಕೊಂಡ ಶಂಭುಲಿಂಗ, "ಸ್ವಲ್ಪ ಕ್ಲೀನ್ ಮಾಡಿ ಕಳಸ್ತೀನಿ, ನೀ ನಿಶ್ಚಿಂತಿ ಇರು" ಎಂದರು. ಪೆನ್ಸಿಲಿನ ಕಲೆ ತೆಗೆಯುತ್ತಾರೆಂದು ಅವಳು ತಿಳಿದಳು.

ಜೂನ್ 5ರಂದು ಕಲ್ಯಾಣಮಂಟಪದಲ್ಲಿ ನಡೆದ ಬಹುಮಾನ ಸಮಾರಂಭಕ್ಕೆ ಅವಳ ಹಳೆಯ ಶಿಕ್ಷಕನೆಂದು ನನ್ನನ್ನೂ ಕರೆದಿದ್ದರು. ಬೆಳಿಗ್ಗೆ 11 ಗಂಟೆ 48 ನಿಮಿಷಕ್ಕೆ ಅವಳ ಚಿತ್ರ ಪರದೆಯ ಮೇಲೆ ಬಂತು. ಧೂಳಿನ ಒಂದು ಕಣವೂ ಇರಲಿಲ್ಲ. ಧೂಳಿಲ್ಲದ ಕೆಂಪು ಎಲೆ ಒಣಗಿದ ಎಲೆಯಂತೆ ಕಂಡಿತು. ಮಳೆ ಬಂತು. ಮರ ಹಸಿರಾಯಿತು. ಅಲ್ಲಿಗೆ ಚಿತ್ರ ನಿಂತು, ಹಸಿರು ಮರದ ಮೇಲೆ ಕಂಪನಿಯ ಲಾಂಛನ ಮೂಡಿತು. ಅದರ ಕೆಳಗೆ 'ನಮ್ಮ ಹಸಿರು ಹೆಜ್ಜೆ' ಎಂಬ ಅಕ್ಷರಗಳು. ಸಭೆ ಚಪ್ಪಾಳೆ ತಟ್ಟಿತು. ಬರಡಾಗಿದ್ದ ಮರವನ್ನು ಗಣಿ ಕಂಪನಿ ಚಿಗುರಿಸಿತು ಎಂಬುದು ಈಗ ಆ ಚಿತ್ರದ ಅರ್ಥವಾಗಿತ್ತು.

ಒಬ್ಬ ವಿದ್ಯಾರ್ಥಿನಿಯ ಕೆಲಸವನ್ನು ಕೆಟ್ಟದೆಂದು ತಿರಸ್ಕರಿಸುವ ಅಧಿಕಾರ ಶಿಕ್ಷಕನಿಗಿದೆ. ಅದನ್ನು ಕತ್ತರಿಸಿ, ಅದು ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ಅದರ ಬಾಯಿಂದಲೇ ಹೇಳಿಸಿ, ಕೆಳಗೆ ಅವಳ ಹೆಸರನ್ನು ಅಚ್ಚು ಹಾಕಿಸುವ ಅಧಿಕಾರವನ್ನು ಯಾವ ಶಿಕ್ಷಕನಿಗೆ ಯಾರು ಕೊಟ್ಟರು?

ಕಂಪನಿಯವರು ಅವಳಿಗೆ ಮೊದಲ ಬಹುಮಾನದ ಫಲಕ ಕೊಟ್ಟರು. ತರಬೇತಿಗೆ ಹೆಸರು ಸೂಚಿಸಬೇಕಾದವರು ಮಾತ್ರ ಹೈದರಾಬಾದಿನ ಸ್ಟುಡಿಯೋದಿಂದ ಬಂದಿದ್ದ ಐಶ್ವರ್ಯ. ಹೊಸಪೇಟೆಯ ವ್ಯಾಪಾರಿಯೊಬ್ಬರ ಮಗಳು, ಚಿತ್ರವಿಭಾಗದ ಮುಖ್ಯಸ್ಥೆ. ಅವರು ಇನ್ನೊಬ್ಬ ವಿದ್ಯಾರ್ಥಿಯ ಹೆಸರು ಹೇಳಿ, ಯಶೋಧರಾಳ ಕಡೆ ತಿರುಗಿ, "ನಿಮ್ಮ ಕೈ ಚೆನ್ನಾಗಿದೆ. ಆದರೆ ಕೊನೆಯಲ್ಲಿ ಎಲೆ ಅರ್ಧ ತೂಗಿ ಗಾಳಿಯಲ್ಲೇ ನಿಂತುಬಿಟ್ಟಿದೆ. ಶುರು ಮಾಡಿದ ಚಲನೆಯನ್ನು ಮುಗಿಸುವುದನ್ನು ಕಲಿಯಿರಿ" ಎಂದರು. ಕಂಡದ್ದರ ಮೇಲೆ ಅದು ನ್ಯಾಯವಾದ ತೀರ್ಪು. ಕತ್ತರಿ ಹಾಕಿದವರ ತಪ್ಪು, ಬರೆದವಳ ಅಜ್ಞಾನವಾಗಿ ಮುನ್ನೂರು ಜನರ ಎದುರು ಘೋಷಿತವಾಯಿತು.

"ಸರ್, ಇನ್ನೂ ಐತಲ್ರಿ ಅದು" ಎಂದಳು ಯಶೋಧರಾ, ಪಕ್ಕದಲ್ಲಿದ್ದ ಶಂಭುಲಿಂಗರಿಗೆ.

"ಇಳಿಯವ್ವ ಕೆಳಗ. ಫೋಟೋ ಆತು."

ಕೆಳಗೆ ಬಂದವಳು ಅಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಂದೆಯ ಬಳಿ ಹೋಗಿ, "ಯಪ್ಪಾ, ಮನಿಗೆ ಹೋಗಿ ಹಾಳಿ ತರಬೇಕು. ಆ ಮೇಡಂ ಹೋಗೋದ್ರಾಗ" ಎಂದಳು. ಹುಸೇನಪ್ಪ ಐಶ್ವರ್ಯರ ಕಾರು ಹೊರಡುವುದು ಎರಡೂವರೆಗೆ ಎಂದು ವಿಚಾರಿಸಿಕೊಂಡು ರಸ್ತೆಗೆ ನಡೆದರು. ಗಣಿಯ ಕಡೆ ಖಾಲಿ ಹೋಗುತ್ತಿದ್ದ ಲಾರಿಯೊಂದನ್ನು ಕೈಯೆತ್ತಿ ನಿಲ್ಲಿಸಿದರು. ಆ ರಸ್ತೆಯ ಡ್ರೈವರುಗಳಿಗೆಲ್ಲ ಅವರ ಗುರುತಿತ್ತು.

ಅವರಿಬ್ಬರೂ ಮರಳಿದಾಗ 2 ಗಂಟೆ 5 ನಿಮಿಷ. ಐಶ್ವರ್ಯ ಊಟ ಮುಗಿಸಿ ಕೈತೊಳೆಯುತ್ತಿದ್ದರು. ಯಶೋಧರಾ ಊಟದ ಮೇಜಿನ ತುದಿಯನ್ನು ದಾವಣಿಯಿಂದ ಒರೆಸಿ, 349ರಿಂದ 504ರವರೆಗಿನ ಹಾಳೆಗಳನ್ನು ಐವತ್ತೆರಡರಂತೆ ಮೂರು ಕಟ್ಟು ಮಾಡಿ ಇಟ್ಟಳು. ಹುಸೇನಪ್ಪ ಹಗ್ಗ ಬಿಗಿದು ಬಿಗಿದು ಕಲ್ಲಾಗಿದ್ದ ಅಂಗೈಯಿಂದ ಕಟ್ಟಿನ ಒಂದು ಅಂಚನ್ನು ಅದುಮಿ ಹಿಡಿದರು. ಇನ್ನೊಂದು ಅಂಚನ್ನು ಅವಳು ಹೆಬ್ಬೆರಳಿನಿಂದ ಸರಸರನೆ ಬಿಡುತ್ತಾ ಹೋದಳು. ನಿಂತಿದ್ದ ಎಲೆ ತೂಗಿತು. ಲಾರಿಯ ನೆರಳು ಹಾಯಿತು. ಹೆಂಗಸು ಗುಡಿಸಿದಳು.

"ಇನ್ನೊಮ್ಮೆ" ಎಂದರು ಐಶ್ವರ್ಯ. ಮೂರು ಸಲ ನೋಡಿದರು. ಆಮೇಲೆ ಅವರ ಬಾಯಿಂದ ಊರಿನ ಮಾತು ಬಂತು. "ಇದು ಎಲ್ಲಿತ್ತವ್ವ?"

"ಕಂಪ್ಯೂಟರ್‌ದಾಗ ಇತ್ರಿ ಮೇಡಂ. ತೆಗದಾರ."

ಶಂಭುಲಿಂಗರನ್ನು ಕರೆಸಿ ಕೇಳಿದರು. "ಅರ್ಧ ನಿಮಿಷದ ಲಿಮಿಟ್ ಇತ್ತು ಮೇಡಂ" ಎಂದರು ಅವರು. ನನ್ನ ಕಿಸೆಯ ಪುಸ್ತಕದಲ್ಲಿ ಉಳಿದ ಚಿತ್ರಗಳ ಅವಧಿ ಬರೆದುಕೊಂಡಿದ್ದೆ. ಒಂದು ಐವತ್ತೊಂದು ಸೆಕೆಂಡು, ಇನ್ನೊಂದು ಒಂದು ನಿಮಿಷ ನಾಲ್ಕು ಸೆಕೆಂಡು. ಅದನ್ನು ಗಟ್ಟಿಯಾಗಿ ಓದಿದೆ. ಶಂಭುಲಿಂಗ ಫೋನ್ ಬಂದವರಂತೆ ಹೊರಗೆ ಹೋದರು.

ಐಶ್ವರ್ಯ ತಪ್ಪೊಪ್ಪಿಕೊಂಡರು. ತಾನು ಹೇಳಿದ ಹೆಸರು ಕಂಪನಿಯ ಕಚೇರಿಗೆ ಆಗಲೇ ಹೋಗಿದೆ, ಹಣ ಅವರದಾದ್ದರಿಂದ ಬದಲಿಸುವುದು ತನ್ನ ಕೈಯಲ್ಲಿಲ್ಲ ಎಂದರು. ಹೊರಡುವಾಗ ಮತ್ತೊಂದು ಮಾತು ಹೇಳಿದರು. "ಆಗ ಪರದೆಗೆ ಬಂದದ್ದರ ಸಾವಿರ ಸಿ.ಡಿ. ಮಾಡಿ ಕಂಪನಿಯವ್ರು ಸಾಲಿಸಾಲಿಗೆ ಹಂಚ್ತಾರಂತ. ಇದು ನನ್ನ ಪೂರ್ತಿ ಚಿತ್ರ ಅಂತ ನೀ ಬರದು ಸಹಿ ಹಾಕಿದರ ಮಾತ್ರ ಹಂಚಾಕ ಬರ್ತೈತಿ. ತಿಳೀತಾ?"

ತಿಳಿಯಿತು. ಶಂಭುಲಿಂಗರಿಗೂ ಅದು ತಿಳಿದಿತ್ತು. ಐದನೆಯ ದಿನ, ಜೂನ್ 10ರ ಭಾನುವಾರ ಬೆಳಿಗ್ಗೆ, ಅವರು ಛಾಪಾ ಕಾಗದ ಹಿಡಿದು ಕಾರಿಗನೂರಿಗೆ ಬಂದರು. ಬರುತ್ತಾರೆಂದು ಹಿಂದಿನ ದಿನವೇ ಸುದ್ದಿ ಸಿಕ್ಕಿದ್ದರಿಂದ ಹುಸೇನಪ್ಪ ನನಗೆ ಹೇಳಿ ಕಳುಹಿಸಿದ್ದರು. ಶಂಭುಲಿಂಗರಿಗೂ ನನಗೂ ಕೂರಲು ಬೇವಿನ ಕೆಳಗೆ ಒಂದೇ ಮಂಚ.

"ನಸೀಬು ನೋಡ್ರಿ ಹುಸೇನಪ್ಪ" ಎಂದು ಶಂಭುಲಿಂಗ ಆರಂಭಿಸಿದರು. "ಅವತ್ತು ಆಯ್ಕಿ ಆದ ಹುಡುಗ ಎಂಜಿನಿಯರಿಂಗಿಗೆ ಹೊಂಟಾನ. ಸೀಟು ಖಾಲಿ. ನಾ ಕಂಪನ್ಯಾಗ ಮಾತಾಡೀನಿ, ನಿಮ್ಮ ಮಗಳಿಗೇ ಕೊಡ್ತಾರ. ಇದೊಂದು ಸಣ್ಣ ಸಹಿ."

ಕಾಗದವನ್ನು ನಾನು ಓದಿದೆ. 'ಇಪ್ಪತ್ತೊಂಬತ್ತು ಸೆಕೆಂಡಿನ ಈ ಚಿತ್ರವು ನನ್ನ ಸಂಪೂರ್ಣ ಕೃತಿಯಾಗಿದ್ದು' ಎಂದಿತ್ತು. ದಿನಾಂಕದ ಜಾಗದಲ್ಲಿ ಮೇ 14 ಎಂದು ಮೊದಲೇ ಬರೆದಿಟ್ಟಿದ್ದರು. ಚಿತ್ರಕ್ಕೆ ಸಾಲದೆಂದು ತಾರೀಖನ್ನೂ ತಿರುಚಿದ್ದರು.

"ಸಹಿ ಹಾಕಲಿಲ್ಲಂದ್ರ?" ಎಂದು ಹುಸೇನಪ್ಪ ಕೇಳಿದರು.

"ಹಾಕಲಿಲ್ಲಂದ್ರ ಸೀಟು ಬ್ಯಾರೆದವ್ರಿಗೆ. ನಮ್ಮ ಡಿಪ್ಲೊಮಾನೂ ಸ್ವಲ್ಪ ತಡ ಆಗಬೋದು."

ಚಹಾ ತಂದಿಟ್ಟ ಹಂಪಕ್ಕ ಮಗಳ ಕಡೆ ತಿರುಗಿದರು. "ಯಶಿ, ಹದಿಮೂರು ಸೆಕೆಂಡ್ ಅಂದ್ರ ಎಷ್ಟಲೇ? ನಳದಾಗ ಒಂದು ಕೊಡ ತುಂಬಂಗಿಲ್ಲ. ಅಷ್ಟಕ್ಕ ಹೈದ್ರಾಬಾದ್ ಬಿಡ್ತಿ ಏನು? ಹಾಕಿ ಹೋಗು. ಅಲ್ಲಿ ಹೋಗಿ ಬೇಕಾದಷ್ಟು ಉದ್ದಂದು ಮಾಡು."

"ನೋಡ್ರಿ, ಹೆತ್ತ ಕರಳು" ಎಂದರು ಶಂಭುಲಿಂಗ. "ಯಮ್ಮಾರಿಗೆ ತಿಳಿದಿದ್ದು ಮಗಳಿಗೆ ತಿಳಿವಲ್ದು."

ಯಶೋಧರಾ ಪೆನ್ನು ಕೈಗೆ ತೆಗೆದುಕೊಂಡಿದ್ದಳು. ಅವಳು ಸಹಿ ಹಾಕಿದ್ದರೆ ನಾನು ಅವಳನ್ನು ದೂರುತ್ತಿರಲಿಲ್ಲ. ಹತ್ತೊಂಬತ್ತು ವರ್ಷದವಳು, ಬೇಕಾದದ್ದು ಒಂದು ಗೇಣು ದೂರದಲ್ಲಿತ್ತು. ಅವಳು ಕಾಗದದ 'ಇಪ್ಪತ್ತೊಂಬತ್ತು' ಎಂಬ ಪದದ ಮೇಲೆ ಬೆರಳಿಟ್ಟಳು. ಆಮೇಲೆ ತಾಯಿಯ ಮುಖ ನೋಡದೆ ಹೇಳಿದಳು:

"ಯವ್ವಾ, ಆ ಹದಿಮೂರು ಸೆಕೆಂಡಿನಾಗ ಕಸಬರಿಗಿ ಹಿಡದಾಕಿ ನೀನ."

"ನಾನಽ?"

"ಹೂಂ. ಮೊದಲಿನ ಇಪ್ಪತ್ತೊಂಬತ್ತರಾಗ ನೀ ಇಲ್ಲ."

ಹಂಪಕ್ಕ ಸೆರಗಿಗೆ ಕೈ ಒರೆಸಿಕೊಂಡು, "ತೋರ್ಸು ನೋಡಾನ" ಎಂದರು. ಹಾಳೆಗಳು ಬಂದವು. ಹುಸೇನಪ್ಪ ಮತ್ತೆ ಅಂಚು ಅದುಮಿ ಹಿಡಿದರು. ಅದುವರೆಗೆ ಆ ತಾಯಿ ಮಗಳ ಒಂದು ಚಿತ್ರವನ್ನೂ ಓಡುವಂತೆ ನೋಡಿರಲಿಲ್ಲ. ನೋಡಲು ಯಾರೂ ಕರೆದಿರಲಿಲ್ಲ. ತಾನು ಬಗ್ಗುವುದನ್ನು, ಸೊಂಟಕ್ಕೆ ಕೈಯಿಟ್ಟು ಏಳುವುದನ್ನು, ರಸ್ತೆಯ ಕಡೆ ಒಮ್ಮೆ ನೋಡಿ ಮತ್ತೆ ಬಗ್ಗುವುದನ್ನು ಅವರು ತುಟಿ ಕಚ್ಚಿ ನೋಡಿದರು.

"ಸೀರಿ ಭಾಳ ಮ್ಯಾಲೆ ಕಟ್ಟಿದಂಗ ಬರದಿ" ಎಂದರು ಮೊದಲು. ಆಮೇಲೆ, "ಎಷ್ಟು ಸಲ ಗುಡಿಸ್ತೀನಿ ಇದರಾಗ?"

"ಮೂರು."

"ದಿನಾ ಐದು ಸಲ ಗುಡಿಸ್ತೀನಿ" ಎಂದು ಹೇಳಿ ಹಂಪಕ್ಕ ಶಂಭುಲಿಂಗರ ಕಡೆ ತಿರುಗಿದರು. "ಇದನ್ನ ಕಡದು ಒಗದ್ರೇನ್ರಿ ನೀವು?"

"ಯಮ್ಮಾ, ಅದು ಹಂಗಲ್ಲ, ಕಂಪನಿಯವ್ರಿಗೆ..."

"ಚಾ ಆರ್ತೈತಿ, ಕುಡದು ಹೋಗ್ರಿ."

ಯಶೋಧರಾ ಪೆನ್ನಿನ ಮುಚ್ಚಳ ಹಾಕಿ ಕಾಗದದ ಮೇಲಿಟ್ಟಳು. ಒಳಗೆ ಹೋಗಿ ಬಹುಮಾನದ ಫಲಕವನ್ನು ತಂದು ಅದರ ಪಕ್ಕದಲ್ಲಿಟ್ಟಳು. "ಇದು ಇಪ್ಪತ್ತೊಂಬತ್ತು ಸೆಕೆಂಡಿನ ಚಿತ್ರಕ್ಕ ಕೊಟ್ಟಾರ್ರಿ ಸರ್. ನಂದು ನಲವತ್ತೆರಡಿಂದು."

ಶಂಭುಲಿಂಗ ಚಹಾ ಕುಡಿಯದೆ ಎದ್ದರು. ಬೈಕಿನ ಮೇಲೆ ಕುಳಿತ ಮೇಲೆ, "ಕಲ್ಸಿದವರಿಗೆ ಇದ ಮರ್ಯಾದಿ" ಎಂದರು. ನಾನು ಎದ್ದು ನಿಂತು ಉತ್ತರ ಕೊಡುವಷ್ಟರಲ್ಲಿ ಬೈಕು ಹೊರಟಿತ್ತು. ಆ ಉತ್ತರ ಇನ್ನೂ ನನ್ನೊಳಗೇ ಇದೆ.

ಸಿ.ಡಿ.ಗಳು ಶಾಲೆಗಳಿಗೆ ಹೋಗಲಿಲ್ಲ. ಸೀಟು ಬೇರೆಯವರ ಪಾಲಾಯಿತು. ಡಿಪ್ಲೊಮಾ ಪ್ರಮಾಣಪತ್ರ ಇಂದಿಗೂ, ಅಂದರೆ 2009ರ ಮಾರ್ಚ್ 15ರ ಭಾನುವಾರದವರೆಗೂ, ಅವಳ ಕೈ ಸೇರಿಲ್ಲ. ಕೇಂದ್ರದ ಕಂಪ್ಯೂಟರುಗಳನ್ನು ಮುಟ್ಟಗೊಡದ ಕಾರಣ ಅವಳು ಕಂಪ್ಲಿಯಲ್ಲಿ ತೋಟಪ್ಪನವರ ಲಗ್ನಪತ್ರಿಕೆಯ ಅಂಗಡಿಗೆ ಕೆಲಸಕ್ಕೆ ಸೇರಿದಳು. ಸಂಜೆ ನಾಲ್ಕರ ನಂತರ ಸ್ಕ್ಯಾನರ್ ಬಳಸಲು ಅವರು ಒಪ್ಪಿದರು. ಐನೂರ ನಾಲ್ಕು ಹಾಳೆಗಳನ್ನೂ ಮತ್ತೆ ಏರಿಸಿ, 2007ರ ಡಿಸೆಂಬರ್ 9ರಂದು ಚಿತ್ರವನ್ನು ಮೊದಲಿನಂತೆ ಪೂರ್ಣಗೊಳಿಸಿದಳು. ಆ ಅಂಗಡಿಯಲ್ಲಿ ಹಾಗೂ ಬುಕ್ಕಸಾಗರದ ಶಾಲೆಯಲ್ಲಿ ಅದನ್ನು ತೋರಿಸಿದ್ದಾಳೆ. ಐಶ್ವರ್ಯರಿಗೂ ಒಂದು ಪ್ರತಿ ಹೋಗಿದೆ. ಅವರು ತಪ್ಪುಗಳ ಪಟ್ಟಿಯನ್ನೇ ಕಳುಹಿಸಿದ್ದಾರೆ, ಹದಿನೇಳು ತಪ್ಪು, ಒಂದೊಂದೂ ಸರಿಯಾದದ್ದು. ಅವನ್ನು ಮುಂದಿಟ್ಟುಕೊಂಡು ಅವಳು ಈಗ ಭತ್ತದ ನಾಟಿಯ ಚಿತ್ರವೊಂದನ್ನು ಬರೆಯುತ್ತಿದ್ದಾಳೆ. ಮೊನ್ನೆಗೆ ಆರುನೂರ ಹನ್ನೊಂದನೆಯ ಹಾಳೆ ಮುಗಿದಿದೆ.

ಸ್ಟೇಷನ್ ರಸ್ತೆಯ ಆ ಮಹಡಿಯ ಮೇಲೆ ದೊಡ್ಡದೊಂದು ಜಾಹೀರಾತು ಫಲಕ ಎದ್ದಿದೆ. ಅದರ ತುಂಬ ಅವಳ 348ನೆಯ ಹಾಳೆಯ ಹಸಿರು ಬೇವು, ಪಕ್ಕದಲ್ಲಿ 'ನಮ್ಮ ವಿದ್ಯಾರ್ಥಿಯ ಬಹುಮಾನಿತ ಕೃತಿ'. ಅದನ್ನು ಇಳಿಸಬೇಕೆಂದು 2008ರ ಜನವರಿ 21, ಜೂನ್ 30 ಮತ್ತು ನವೆಂಬರ್ 3ರಂದು ಶಂಭುಲಿಂಗರಿಗೆ ನೋಂದಾಯಿತ ಅಂಚೆಯಲ್ಲಿ ಮೂರು ಪತ್ರ ಬರೆದೆ. ಮೂರಕ್ಕೂ ಉತ್ತರವಿಲ್ಲ. ಹೋದ ತಿಂಗಳು ಆ ಫಲಕದ ಕೆಳಗೆ ಬಸ್ಸಿಗೆ ಕಾಯುತ್ತಿದ್ದಾಗ, "ನಿನಗೆ ಸಿಟ್ಟು ಬರುವುದಿಲ್ಲವೇ?" ಎಂದು ಯಶೋಧರಾಳನ್ನು ಕೇಳಿದೆ.

"ಬರ್ತೈತ್ರಿ ಸರ್" ಎಂದಳು. "ಆದ್ರ ಸಿಟ್ಟಿನಾಗ ಕೈ ನಡುಗ್ತೈತಿ, ಗೆರಿ ಸೊಟ್ಟ ಬೀಳ್ತಾವ."

ನಾನು ಈಗ ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ; ನನ್ನ ಕೈ ನಡುಗಿದರೆ ಯಾರಿಗೂ ನಷ್ಟವಿಲ್ಲ. ನಾಳೆ ಸೋಮವಾರ, ಅಂಚೆ ಕಚೇರಿ ತೆರೆದ ಕೂಡಲೇ ನಾಲ್ಕನೆಯ ಪತ್ರ ಹೊರಡುತ್ತದೆ.